ನಲವತ್ತೊಂದರ ವಿದ್ಯಾರ್ಥಿ: ದಾದಾಸಾಹೇಬ ಫಾಲ್ಕೆ

ಪದವಿ ಮುಗಿಸಿದ ಮೇಲೆ ಕೆಲಸ ಸಿಕ್ಕೀತೇ ಎಂಬ ಚಿಂತೆ ನಮ್ಮಂತಹ ವಿದ್ಯಾರ್ಥಿಗಳಿಗೆ ಸಹಜವಾದುದು. ಆದರೆ ಇಪ್ಪತ್ತು, ಮೂವತ್ತು ವರ್ಷ ಒಂದೇ ಕಸುಬಿನಲ್ಲಿ ಪಳಗಿ, ಅದರಿಂದಲೇ ಸಂಸಾರ ಸಾಗಿಸಿದವನಿಗೆ ಆ ಕಸುಬೇ ಕೈಬಿಟ್ಟುಹೋಗುವ ಕಾಲ ಬಂದರೆ ಅವನ ಗತಿಯೇನು? ಅವನಿಗೆ ಕೆಲಸ ಬರುವುದಿಲ್ಲವೆಂದು ಯಾರೂ ಹೇಳಲಾರರು. ಅವನಿಗೆ ಬರುವ ಕೆಲಸ ಈಗ ಯಾರಿಗೂ ಬೇಡವಾಗಿದೆ, ಅಷ್ಟೆ. ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದುದಲ್ಲ. ನಮ್ಮ ಮನೆಯ ಜಗಲಿಯ ಮೇಲೆ ಹುಟ್ಟಿದುದು. ನಮ್ಮ ತಂದೆಯವರು ಬೋರ್ಡು ಬರೆಯುವವರು. ನಮ್ಮ ಊರಿನ ಅಂಗಡಿಗಳ ಹೆಸರು, ಲಾರಿಗಳ ಹಿಂಬದಿಯ ಬರಹ, ಶಾಲೆಯ ಗೋಡೆಯ ಮೇಲಿನ ಭೂಪಟ, ಎಲ್ಲವೂ ಒಂದು ಕಾಲದಲ್ಲಿ ಅವರ ಕುಂಚದಿಂದಲೇ ಬಂದವು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಊರಿಗೆ ಫ್ಲೆಕ್ಸ್ ಮುದ್ರಿಸುವ ಯಂತ್ರ ಬಂದಿತು. ಅಂದಿನಿಂದ ಬಣ್ಣದ ಡಬ್ಬಿಗಳು ಅಟ್ಟ ಸೇರುತ್ತ ಬಂದವು.

ಈ ಕಾರಣದಿಂದಲೇ, ಕಾಲೇಜಿನ ಗ್ರಂಥಾಲಯದಲ್ಲಿ ದಾದಾಸಾಹೇಬ ಫಾಲ್ಕೆಯವರ ಜೀವನವನ್ನು ಓದಿದಾಗ ಅದು ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು. ಫಾಲ್ಕೆಯವರ ಹೆಸರನ್ನು ಕೇಳದವರು ವಿರಳ. 1969ರಲ್ಲಿ ಆರಂಭವಾದ ಚಲನಚಿತ್ರದ ಅತ್ಯುನ್ನತ ಪ್ರಶಸ್ತಿಗೆ ಅವರ ಹೆಸರಿದೆ. 1995ನೆಯ ಸಾಲಿನಲ್ಲಿ ನಮ್ಮ ಡಾ. ರಾಜಕುಮಾರ್ ಅವರಿಗೂ, 2008ನೆಯ ಸಾಲಿನಲ್ಲಿ ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರಿಗೂ ಆ ಗೌರವ ಸಂದಿತು. ಪ್ರಶಸ್ತಿ ನಮಗೆ ಗೊತ್ತು. ಪ್ರಶಸ್ತಿಗೆ ಹೆಸರು ಕೊಟ್ಟ ಮನುಷ್ಯ ಎಷ್ಟು ಕಸುಬುಗಳನ್ನು ಕಲಿತ, ಎಷ್ಟನ್ನು ಬಿಟ್ಟ, ಕೊನೆಗೆ ತಾನೇ ಹುಟ್ಟುಹಾಕಿದ ಕಸುಬಿನಲ್ಲಿ ಹೇಗೆ ಹಿಂದೆ ಬಿದ್ದ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ನನ್ನ ಅಲ್ಪಮತಿಗೆ ತೋಚಿದಂತೆ ಆ ಕಥೆಯನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ಧುಂಡಿರಾಜ ಗೋವಿಂದ ಫಾಲ್ಕೆಯವರು 1870ರ ಏಪ್ರಿಲ್ 30ರಂದು ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ ಜನಿಸಿದರು. ತಂದೆ ಸಂಸ್ಕೃತ ವಿದ್ವಾಂಸರು. ಅವರಿಗೆ ಮುಂಬಯಿಯ ವಿಲ್ಸನ್ ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿ ದೊರೆತುದರಿಂದ ಕುಟುಂಬ ಆ ಮಹಾನಗರಕ್ಕೆ ಬಂದು ನೆಲೆಸಿತು. ವೇದಶಾಸ್ತ್ರದ ಮನೆಯಲ್ಲಿ ಹುಟ್ಟಿದ ಹುಡುಗನ ಒಲವು ಬಣ್ಣದ ಕಡೆಗೆ ಹರಿಯಿತು. 1885ರಲ್ಲಿ ಅವರು ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅನಂತರ ಅಣ್ಣನೊಡನೆ ಬರೋಡೆಗೆ ಹೋಗಿ ಅಲ್ಲಿಯ ಕಲಾಭವನದಲ್ಲಿ ಚಿತ್ರಕಲೆಯನ್ನೂ, ಮಾದರಿಗಳನ್ನು ರೂಪಿಸುವ ಕೆಲಸವನ್ನೂ, ಛಾಯಾಗ್ರಹಣವನ್ನೂ ಕಲಿತರು. ಬ್ಲಾಕು ಮಾಡುವುದು, ಕಲ್ಲಚ್ಚಿನ ಮುದ್ರಣ, ಹೀಗೆ ಒಂದು ವಿದ್ಯೆ ಕೈಗೆ ಹತ್ತುವಷ್ಟರಲ್ಲಿ ಇನ್ನೊಂದರ ಮೇಲೆ ಕಣ್ಣು ಬೀಳುತ್ತಿದ್ದಿತು.

ಇಷ್ಟು ವಿದ್ಯೆಗಳಿದ್ದರೂ ಅನ್ನ ಸುಲಭವಾಗಿ ಹುಟ್ಟಲಿಲ್ಲ. ಗುಜರಾತಿನ ಗೋಧ್ರಾ ಊರಿನಲ್ಲಿ ಅವರು ಛಾಯಾಗ್ರಾಹಕರಾಗಿ ಅಂಗಡಿ ತೆರೆದರು. ಅಲ್ಲಿ ಪ್ಲೇಗಿನ ಮಾರಿ ಅವರ ಹೆಂಡತಿಯನ್ನೂ ಮಗುವನ್ನೂ ಬಲಿ ತೆಗೆದುಕೊಂಡಿತು. ಬರೋಡೆಗೆ ಮರಳಿ ಅಂಗಡಿ ಇಟ್ಟರೆ, ಕ್ಯಾಮರಾ ಮನುಷ್ಯನ ಶಕ್ತಿಯನ್ನು ಹೀರಿಬಿಡುತ್ತದೆಂಬ ಪುಕಾರು ಹಬ್ಬಿ ಗಿರಾಕಿಗಳು ಹತ್ತಿರ ಸುಳಿಯಲಿಲ್ಲ. ಫಾಲ್ಕೆಯವರು ನಾಟಕ ಕಂಪನಿಗಳಿಗೆ ಪರದೆ ಬರೆದರು. ಒಬ್ಬ ಜರ್ಮನ್ ಐಂದ್ರಜಾಲಿಕನಿಂದ ಜಾದೂ ಕಲಿತು, ತಮ್ಮ ಹೆಸರನ್ನೇ ತಿರುವುಮುರುವಾಗಿಸಿ ಪ್ರೊಫೆಸರ್ ಕೆಲ್ಫಾ ಎಂದು ಕರೆದುಕೊಂಡು ಪ್ರದರ್ಶನಗಳನ್ನು ಕೊಟ್ಟರು. 1902ರಲ್ಲಿ ಮತ್ತೆ ವಿವಾಹವಾಯಿತು. ಸರಸ್ವತೀಬಾಯಿಯವರು ಮನೆ ತುಂಬಿದರು. ಮರುವರ್ಷ ಪ್ರಾಚ್ಯವಸ್ತು ಇಲಾಖೆಯಲ್ಲಿ ಚಿತ್ರಕಾರ ಹಾಗೂ ಛಾಯಾಗ್ರಾಹಕನ ಕೆಲಸ ದೊರೆಯಿತು. ಸರ್ಕಾರಿ ಕೆಲಸ, ತಿಂಗಳ ಸಂಬಳ! ನಮ್ಮ ಹಿರಿಯರು ದೇವರಿಗೆ ಹರಕೆ ಹೊರುವುದು ಇಂತಹುದಕ್ಕೇ. ಆದರೆ ಸ್ವದೇಶೀ ಚಳವಳಿಯ ಗಾಳಿ ಬೀಸಿದಾಗ ಫಾಲ್ಕೆಯವರು ಆ ಕೆಲಸವನ್ನು ಬಿಟ್ಟು ಲೋಣಾವಳೆಯಲ್ಲಿ ಮುದ್ರಣದ ಕಾರ್ಖಾನೆಯನ್ನು ತೆರೆದರು. ರಾಜಾ ರವಿವರ್ಮರ ಮುದ್ರಣಾಲಯಕ್ಕೂ ಅವರು ಕೆಲಸ ಮಾಡಿಕೊಟ್ಟುದುಂಟು. ಕಾರ್ಖಾನೆ ಮುಂದೆ ದಾದರಿಗೆ ಬಂದು ಹೆಸರು ಗಳಿಸಿತು. ಬಣ್ಣದ ಮುದ್ರಣದ ಹೊಸ ಯಂತ್ರಗಳಿಗಾಗಿ ಅವರು 1909ರಲ್ಲಿ ಜರ್ಮನಿಗೂ ಹೋಗಿಬಂದರು.

ಇಷ್ಟಾದ ಮೇಲೆ ಪಾಲುದಾರರೊಡನೆ ಭಿನ್ನಾಭಿಪ್ರಾಯ ತಲೆದೋರಿತು. ಫಾಲ್ಕೆಯವರು ತಾವು ಕಟ್ಟಿದ ಮುದ್ರಣಾಲಯವನ್ನು ಬರಿಗೈಯಲ್ಲಿ ಬಿಟ್ಟು ಹೊರಬಂದರು. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನನ್ನ ಬಿನ್ನಹ. ಮುಂದೆ ಇದಕ್ಕೆ ಮರಳಿ ಬರುತ್ತೇನೆ.

1911ರ ಏಪ್ರಿಲ್ ತಿಂಗಳು. ಕೆಲಸವಿಲ್ಲ, ವಯಸ್ಸು 41 ಆಗಲು ಕೆಲವೇ ದಿನಗಳು. ಅಂತಹ ಹೊತ್ತಿನಲ್ಲಿ ಅವರು ಹಿರಿಯ ಮಗನ ಕೈ ಹಿಡಿದು ಮುಂಬಯಿಯ ಗಿರಗಾಂವಿನಲ್ಲಿ ಡೇರೆಯೊಳಗೆ ತೋರಿಸುತ್ತಿದ್ದ ಚಲಚ್ಚಿತ್ರವೊಂದನ್ನು ನೋಡಲು ಹೋದರು. ಪರದೆಯ ಮೇಲೆ ಪ್ರಾಣಿಗಳು ಓಡಾಡಿದುವೆಂದು ಹುಡುಗ ಮನೆಗೆ ಬಂದು ಹೇಳಿದರೆ ಯಾರೂ ನಂಬಲಿಲ್ಲ. ಆದುದರಿಂದ ಮರುದಿನ ಫಾಲ್ಕೆಯವರು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋದರು. ಅದು ಈಸ್ಟರ್ ಹಬ್ಬದ ಸಮಯ. ಅಂದು ತೋರಿಸಿದುದು ಏಸುಕ್ರಿಸ್ತನ ಜೀವನದ ಚಿತ್ರ. ಅದನ್ನು ನೋಡುತ್ತಿದ್ದಂತೆ ಫಾಲ್ಕೆಯವರ ಕಣ್ಣಮುಂದೆ ರಾಮನೂ ಕೃಷ್ಣನೂ ಸುಳಿದಾಡತೊಡಗಿದರು. ನಮ್ಮ ದೇವರುಗಳನ್ನೂ ನಮ್ಮ ಜನರನ್ನೂ ಹೀಗೆ ಪರದೆಯ ಮೇಲೆ ತರಬೇಕೆಂಬ ಹಂಬಲ ಅವರನ್ನು ಹಿಡಿದುಕೊಂಡಿತು.

ಹಂಬಲ ಅನೇಕರಿಗೆ ಹುಟ್ಟುತ್ತದೆ. ಅದನ್ನು ಪಾಠವನ್ನಾಗಿ ಮಾಡಿಕೊಳ್ಳುವವರು ಕೆಲವರು. ಫಾಲ್ಕೆಯವರು ಶಾಲೆಯ ಹುಡುಗನಂತೆ ಕಲಿಯಲು ಕುಳಿತರು. ದಿನವೂ ನಾಲ್ಕೈದು ಗಂಟೆ ಚಿತ್ರಗಳನ್ನು ನೋಡುವುದು, ಉಳಿದ ಹೊತ್ತಿನಲ್ಲಿ ತರಿಸಿಕೊಂಡ ಪುಸ್ತಕ ಮತ್ತು ಸಲಕರಣೆಗಳೊಡನೆ ಪ್ರಯೋಗ ನಡೆಸುವುದು. ನಿದ್ರೆ ಮೂರು ಗಂಟೆಯೂ ಇರಲಿಲ್ಲ. ಇದರ ಫಲವಾಗಿ ಕಣ್ಣುಗಳು ಕೆಟ್ಟು, ಕೆಲಕಾಲ ದೃಷ್ಟಿಯೇ ಹೋದಂತಾಯಿತು. ವೈದ್ಯರ ಉಪಚಾರದಿಂದ ಹೇಗೋ ಚೇತರಿಸಿಕೊಂಡರು. ವಿಲಾಯತಿಗೆ ಹೋಗಿ ಯಂತ್ರ ತರಬೇಕು, ಆದರೆ ಹಣವೆಲ್ಲಿ? ತಮ್ಮ ಜೀವವಿಮೆಯ ಪಾಲಿಸಿಯನ್ನು ಒತ್ತೆಯಿಟ್ಟು 10,000 ರೂಪಾಯಿ ಸಾಲ ಎತ್ತಿದರು. ಬಂಧುಗಳು ಅವರಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಭಾವಿಸಿದರೆ ಆಶ್ಚರ್ಯವೇನು?

1912ರ ಫೆಬ್ರವರಿಯಲ್ಲಿ ಅವರು ಲಂಡನ್ನಿಗೆ ಹೊರಟರು. ಅಲ್ಲಿ ಪರಿಚಿತರು ಯಾರೂ ಇರಲಿಲ್ಲ. ಬಯೋಸ್ಕೋಪ್ ಎಂಬ ಪತ್ರಿಕೆಯ ಫಲಕ ಕಣ್ಣಿಗೆ ಬಿದ್ದುದೇ ತಡ, ನೇರವಾಗಿ ಒಳಹೊಕ್ಕು ಅದರ ಸಂಪಾದಕ ಕ್ಯಾಬೋರ್ನರನ್ನು ಕಂಡರು. ಈ ಉದ್ಯಮದಲ್ಲಿ ಸೋತವರೇ ಹೆಚ್ಚೆಂದು ಅವರು ಮೊದಲು ಎಚ್ಚರಿಸಿದರು. ಫಾಲ್ಕೆಯವರ ಹಟವನ್ನು ಕಂಡ ಮೇಲೆ ಸಹಾಯಕ್ಕೆ ನಿಂತರು. ಅವರ ಮೂಲಕ ಚಿತ್ರ ತಯಾರಕ ಸೆಸಿಲ್ ಹೆಪ್‌ವರ್ತರ ಸ್ಟುಡಿಯೋದ ಬಾಗಿಲು ತೆರೆಯಿತು. ಅಲ್ಲಿದ್ದುದು ಎರಡು ವಾರ ಮಾತ್ರ. ಅಷ್ಟರಲ್ಲಿಯೇ ಕೆಲಸದ ಮರ್ಮವನ್ನು ಗ್ರಹಿಸಿ, ಒಂದು ವಿಲಿಯಂಸನ್ ಕ್ಯಾಮರಾವನ್ನೂ ಫಿಲಂ ಸುರುಳಿಗೆ ರಂಧ್ರ ಕೊರೆಯುವ ಯಂತ್ರವನ್ನೂ ಕೊಂಡು ಏಪ್ರಿಲ್ 1ರಂದು ಊರಿಗೆ ಮರಳಿದರು.

ಎರಡು ವಾರಗಳಲ್ಲಿ ಒಂದು ಹೊಸ ವಿದ್ಯೆ ಕೈಗೆ ಹತ್ತುವುದು ಸಾಧ್ಯವೇ ಎಂದು ಕೇಳಬಹುದು. ಹೊಸಬನಿಗೆ ಸಾಧ್ಯವಿಲ್ಲ. ಫಾಲ್ಕೆಯವರು ಹೊಸಬರಾಗಿರಲಿಲ್ಲವೆಂಬುದೇ ಇಲ್ಲಿಯ ರಹಸ್ಯ. ಕತ್ತಲಕೋಣೆಯ ರಸಾಯನ ಅವರಿಗೆ ಛಾಯಾಗ್ರಹಣದಿಂದ ಬಂದಿದ್ದಿತು. ದೃಶ್ಯಗಳ ಹಿನ್ನೆಲೆಯನ್ನು ಬರೆಯಲು ನಾಟಕದ ಪರದೆ ಬರೆದ ಕೈಯಿದ್ದಿತು. ಯಂತ್ರದ ಬಿಚ್ಚುಜೋಡಣೆಯನ್ನು ಮುದ್ರಣಾಲಯ ಕಲಿಸಿದ್ದಿತು. ದೇವರು ಮಾಯವಾಗುವುದು, ತಲೆ ಹಾರುವುದು ಮುಂತಾದ ಚಮತ್ಕಾರಗಳಿಗೆ ಜಾದೂಗಾರನ ಕಣ್ಣಿದ್ದಿತು. ತಂದೆಯಿಂದ ಬಂದ ಪುರಾಣಜ್ಞಾನ ಕಥೆಯನ್ನು ಒದಗಿಸಿತು. ಇಪ್ಪತ್ತೈದು ವರ್ಷ ಅಲ್ಲಿಲ್ಲಿ ಅಲೆದು ಕಳೆದರೆಂದು ಜನ ಆಡಿಕೊಂಡ ಆ ಕಾಲವೆಲ್ಲ ಈಗ ಬಡ್ಡಿಸಹಿತ ಕೈಗೆ ಬಂದಿತು. ಹೊಸ ಕಸುಬಿಗೆ ಹೋಗುವವನು ಹಳೆಯ ಕಸುಬನ್ನು ಎಸೆದು ಹೋಗಬೇಕಾಗಿಲ್ಲ, ಹೊತ್ತುಕೊಂಡು ಹೋಗಬೇಕು ಎಂಬುದನ್ನು ನಾನು ಇಲ್ಲಿ ಕಲಿತೆ.

ಬಂಡವಾಳ ಹಾಕುವವರನ್ನು ನಂಬಿಸಲು ಅವರು ಮಾಡಿದ ಉಪಾಯ ಸ್ವಾರಸ್ಯವಾದುದು. ಒಂದು ಕುಂಡದಲ್ಲಿ ಬಟಾಣಿ ಬೀಜವನ್ನು ಬಿತ್ತಿ, ಅದರ ಮುಂದೆ ಕ್ಯಾಮರಾವನ್ನು ಕದಲದಂತೆ ನಿಲ್ಲಿಸಿ, ತಿಂಗಳಿಗೂ ಮಿಕ್ಕಿ ದಿನಕ್ಕೊಂದರಂತೆ ಚಿತ್ರಗಳನ್ನು ತೆಗೆದರು. ಪರದೆಯ ಮೇಲೆ ಹಾಯಿಸಿದಾಗ ಬೀಜ ಮೊಳೆತು, ಎಲೆಯೊಡೆದು, ಬಳ್ಳಿಯಾಗಿ ಹಬ್ಬುವುದು ಒಂದೆರಡು ನಿಮಿಷದಲ್ಲಿ ನಡೆದುಹೋಯಿತು. ನೋಡಿದವರು ಬೆರಗಾದರು, ಸಾಲ ಹುಟ್ಟಿತು. ಸಾಲದುದಕ್ಕೆ ಸರಸ್ವತೀಬಾಯಿಯವರ ಒಡವೆಗಳು ಗಿರವಿಯಂಗಡಿ ಸೇರಿದವು.

ಆ ಮಹಾತಾಯಿಯ ವಿಷಯವಾಗಿ ಒಂದು ಮಾತು ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಆಗ ಬರುತ್ತಿದ್ದ ಹಸಿ ಫಿಲಮಿಗೆ ರಂಧ್ರಗಳಿರುತ್ತಿರಲಿಲ್ಲ. ಹಗಲೆಲ್ಲ ಅರುವತ್ತು ಎಪ್ಪತ್ತು ಜನರಿಗೆ ಅಡಿಗೆ ಮಾಡಿ ಬಡಿಸಿದ ಆಕೆ, ರಾತ್ರಿ ಕತ್ತಲಲ್ಲಿ ಕುಳಿತು ಫಿಲಮಿಗೆ ರಂಧ್ರ ಕೊರೆಯುತ್ತಿದ್ದರು, ಅದನ್ನು ತೊಳೆಯುವ ರಸಾಯನಗಳನ್ನು ಬೆರೆಸುತ್ತಿದ್ದರು. ಗಂಡ ಹೊಸ ವಿದ್ಯೆ ಕಲಿತುದನ್ನು ಲೋಕ ಕೊಂಡಾಡಿತು. ಹೆಂಡತಿಯೂ ಅದೇ ವಿದ್ಯೆಯನ್ನು, ಒಲೆಯ ಕೆಲಸವನ್ನು ಬಿಡದೆ ಕಲಿತುದನ್ನು ಯಾರು ಕೊಂಡಾಡಿದರು?

ಚಿತ್ರಕ್ಕೆ ಆರಿಸಿಕೊಂಡ ಕಥೆ ಸತ್ಯಹರಿಶ್ಚಂದ್ರನದು. ಸಿನಿಮಾದ ಕೆಲಸವೆಂದರೆ ಮಾನ ಹೋಗುತ್ತದೆಂಬ ಕಾಲ ಅದು. ಕೇಳಿದವರಿಗೆ ಹರಿಶ್ಚಂದ್ರ ಎಂಬವರ ಕಾರ್ಖಾನೆಯಲ್ಲಿ ದುಡಿಯುತ್ತಿರುವುದಾಗಿ ಹೇಳಿರೆಂದು ಫಾಲ್ಕೆಯವರು ತಮ್ಮ ನಟರಿಗೆ ಉಪಾಯ ಕಲಿಸಿದ್ದರಂತೆ. ತಾರಾಮತಿಯ ಪಾತ್ರಕ್ಕೆ ಒಬ್ಬ ಹೆಂಗಸೂ ಒಪ್ಪಲಿಲ್ಲ. ಕೊನೆಗೆ ಗ್ರಾಂಟ್ ರಸ್ತೆಯ ಹೋಟಲೊಂದರಲ್ಲಿ ಅಡಿಗೆಯವನಾಗಿದ್ದ ಸಾಳುಂಕೆ ಎಂಬ ನಾಜೂಕಾದ ಮೈಕಟ್ಟಿನ ಯುವಕ ತಾರಾಮತಿಯಾದನು. ಲೋಹಿತಾಶ್ವ ಫಾಲ್ಕೆಯವರ ಮಗನೇ. 3,700 ಅಡಿಗಳ ಈ ಚಿತ್ರ 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಸಾರ್ವಜನಿಕರ ಮುಂದೆ ಬಂದಿತು. ಭಾರತದಲ್ಲಿ ಹೊಸತೊಂದು ಉದ್ಯೋಗವೇ ಅಂದು ಹುಟ್ಟಿತೆನ್ನಬಹುದು.

ಮುಂದಿನ ಕೆಲವು ವರ್ಷಗಳು ಏಳಿಗೆಯವು. ಮಹಾಯುದ್ಧ ಆರಂಭವಾದಾಗ ಹಣ ಕೊಡುವವರು ಹಿಂಜರಿದು ಕಷ್ಟವಾಯಿತು. ಆದರೆ 1917ರ ಲಂಕಾದಹನ ಎಲ್ಲ ನಷ್ಟವನ್ನೂ ತುಂಬಿಸಿತು. ಅದರಲ್ಲಿ ಆ ಸಾಳುಂಕೆಯೇ ರಾಮನೂ ಸೀತೆಯೂ ಆಗಿ ಕಾಣಿಸಿಕೊಂಡನು. 1918ರಲ್ಲಿ ಮುಂಬಯಿಯ ಬಂಡವಾಳಗಾರರು ಕೂಡಿಕೊಂಡು ಹಿಂದುಸ್ಥಾನ ಫಿಲಂ ಕಂಪನಿ ಸ್ಥಾಪಿತವಾಯಿತು. ಆ ವರ್ಷ ಶ್ರೀಕೃಷ್ಣಜನ್ಮ, ಮರುವರ್ಷ ಕಾಳಿಯಮರ್ದನ. ಬಾಲಕೃಷ್ಣನಾಗಿ ಅಭಿನಯಿಸಿದವಳು ಫಾಲ್ಕೆಯವರ ಮಗಳು ಮಂದಾಕಿನಿ.

ಓದುತ್ತ ಇಲ್ಲಿಗೆ ಬಂದಾಗ ನನಗೆ ಉತ್ಸಾಹ ತಡೆಯಲಾಗಲಿಲ್ಲ. ಅಂದು ಸಂಜೆಯೇ ನಮ್ಮ ತಂದೆಯವರ ಮುಂದೆ ಕುಳಿತು ಈ ಕಥೆಯನ್ನು ಹೇಳಿದೆ. ಅವರು ಮೌನವಾಗಿ ಕೇಳಿ, ಆಮೇಲೆ ಅವರಿಗೇನಾಯಿತೆಂದು ವಿಚಾರಿಸಿದರು. ನಾನು ಆ ಭಾಗವನ್ನು ಇನ್ನೂ ಓದಿರಲಿಲ್ಲ. ಓದಿದ ಮೇಲೆ, ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಆದುದು ಇಷ್ಟು. ಕಂಪನಿಯ ಪಾಲುದಾರರಿಗೂ ಫಾಲ್ಕೆಯವರಿಗೂ ಹೊಂದಿಕೆಯಾಗಲಿಲ್ಲ. ಖರ್ಚಿನ ಲೆಕ್ಕ ಅವರದು, ಕಲೆಯ ಲೆಕ್ಕ ಇವರದು. ಫಾಲ್ಕೆಯವರು ಬೇಸತ್ತು ಎಲ್ಲವನ್ನೂ ಬಿಟ್ಟು ಕಾಶಿಗೆ ಹೊರಟುಹೋದರು. ಅಲ್ಲಿ ರಂಗಭೂಮಿ ಎಂಬ ಮರಾಠಿ ನಾಟಕವನ್ನು ಬರೆದರು. ಅದು ಜನರ ಮನ್ನಣೆಯನ್ನು ಪಡೆಯಲಿಲ್ಲ. 1922ರಲ್ಲಿ ಅದೇ ಕಂಪನಿಗೆ ಸಂಬಳದ ಮೇಲೆ ಹಿಂದಿರುಗಿದರು. ಚಿತ್ರಗಳನ್ನು ತೆಗೆದರು, ಮೊದಲಿನ ಕಳೆ ಬರಲಿಲ್ಲ. 1931ರ ಮಾರ್ಚ್ 14ರಂದು ಅರ್ದೇಶಿರ್ ಇರಾನಿಯವರ ಆಲಂ ಆರಾ ಮುಂಬಯಿಯಲ್ಲಿ ತೆರೆಕಂಡು, ಪರದೆ ಮಾತನಾಡತೊಡಗಿತು. ಫಾಲ್ಕೆಯವರ ಕೈಯಲ್ಲಿ ಆಗ ಇದ್ದುದು ಸೇತುಬಂಧನ ಎಂಬ ಮೂಕಚಿತ್ರ! ಅದಕ್ಕೆ ಅನಂತರ ಧ್ವನಿಯನ್ನು ಸೇರಿಸಿ 1934ರಲ್ಲಿ ಹೊರತಂದರೂ ಫಲ ಸಿಕ್ಕಲಿಲ್ಲ. ನಮ್ಮ ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನ ತೆರೆಗೆ ಬಂದುದೂ ಅದೇ ವರ್ಷ.

ಜನಕ್ಕೆ ಪುರಾಣ ಬೇಸರವಾಗಿದ್ದಿತೆಂದು ಇದಕ್ಕೆ ಕಾರಣ ಹೇಳಲಾಗದು. 1932ರಲ್ಲಿ ವಿ. ಶಾಂತಾರಾಮರು ಮರಾಠಿಯಲ್ಲಿ ಅಯೋಧ್ಯೇಚಾ ರಾಜಾ ಎಂಬ ವಾಕ್ಚಿತ್ರವನ್ನು ತಯಾರಿಸಿದರು. ಅದರ ಕಥೆ ಬೇರೆ ಯಾರದೂ ಅಲ್ಲ, ಅದೇ ಹರಿಶ್ಚಂದ್ರನದು. ಜನ ಮೆಚ್ಚಿ ನೋಡಿದರು. ಕಥೆ ಹಳತಾಗಿರಲಿಲ್ಲ, ಕಸುಬು ಬೇರೆಯಾಗಿದ್ದಿತು. ಹಾಡಬಲ್ಲ ನಟರು, ಧ್ವನಿಮುದ್ರಣದ ತಜ್ಞರು, ಸಂಗೀತಗಾರರು, ಸಂಭಾಷಣೆ ಬರೆಯುವವರು, ಸದ್ದು ನುಸುಳದ ಸ್ಟುಡಿಯೋ, ಇಷ್ಟೂ ಬೇಕಾದವು. 1912ರಲ್ಲಿ 10,000 ರೂಪಾಯಿ ಸಾಲದಿಂದ ಆರಂಭಿಸಿದ ಮನುಷ್ಯ, ಕೊಲ್ಹಾಪುರದ ಸಂಸ್ಥೆಯೊಂದಕ್ಕಾಗಿ 1937ರಲ್ಲಿ ತಮ್ಮ ಏಕೈಕ ವಾಕ್ಚಿತ್ರವಾದ ಗಂಗಾವತರಣವನ್ನು ತಯಾರಿಸಿದಾಗ ಅದಕ್ಕೆ ತಗುಲಿದ ವೆಚ್ಚ ಸುಮಾರು 2,50,000 ರೂಪಾಯಿ. ಆಗ ಅವರಿಗೆ 67 ವರ್ಷ. ಅದೇ ಅವರ ಕೊನೆಯ ಚಿತ್ರವಾಯಿತು.

ಇಲ್ಲಿ ಮೊದಲು ಹೇಳಿದ ಪಾಲುದಾರರ ಸಂಗತಿಗೆ ಬರುತ್ತೇನೆ. ಮುದ್ರಣಾಲಯದಲ್ಲಿ ಒಮ್ಮೆ, ಫಿಲಂ ಕಂಪನಿಯಲ್ಲಿ ಮತ್ತೊಮ್ಮೆ, ಹತ್ತು ವರ್ಷಗಳ ಅಂತರದಲ್ಲಿ ಫಾಲ್ಕೆಯವರು ಒಂದೇ ಕಾರಣಕ್ಕೆ ಹೊರನಡೆದರು. ಕಥೆ, ಪರದೆ, ಕ್ಯಾಮರಾ, ಕತ್ತರಿ ಎಲ್ಲವೂ ತಮ್ಮ ಕೈಯಲ್ಲಿಯೇ ಇರಬೇಕೆಂಬುದು ಅವರ ಸ್ವಭಾವ. ಉದ್ಯಮ ಎಳೆಯದಾಗಿದ್ದಾಗ ಈ ಗುಣವೇ ಅವರನ್ನು ಎತ್ತಿ ನಿಲ್ಲಿಸಿತು. ಉದ್ಯಮ ಬೆಳೆದು ಹತ್ತು ಕೈಗಳ ಕೆಲಸವಾದಾಗ ಅದೇ ಗುಣ ಕಾಲಿಗೆ ತೊಡರಾಯಿತು. ಹೊಸ ಯಂತ್ರವನ್ನು ಕಲಿಯುವುದು ಅವರಿಗೆ ಎಂದೂ ಕಷ್ಟವಾಗಲಿಲ್ಲ. ಹತ್ತು ಜನರ ನಡುವೆ ಒಬ್ಬನಾಗಿ ಕೂರುವುದು ಕಷ್ಟವಾಯಿತು. ಅನುಭವಿಯಾದವನಿಗೆ ಮೊದಲನೆಯದಕ್ಕಿಂತ ಎರಡನೆಯದೇ ದೊಡ್ಡ ಪಾಠವೆಂದು ನನಗೆ ತೋರುತ್ತದೆ. ಹಾಗೆಂದು ತಪ್ಪನ್ನೆಲ್ಲ ಅವರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಮುಪ್ಪು, ಹಣದ ಅಭಾವ, ಕಾಲದ ವೇಗ, ಇವು ಯಾರ ಹಟಕ್ಕೂ ಬಗ್ಗುವುದಿಲ್ಲ. 1944ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಇನ್ನೊಂದು ಚಿತ್ರ ತೆಗೆಯಲು ಅವರು ಸರ್ಕಾರದ ಪರವಾನಗಿಯನ್ನು ಬೇಡಿದರು. 73 ದಾಟಿದ ಮುದುಕ ಮತ್ತೆ ಅರ್ಜಿದಾರನಾಗಿ ನಿಂತುದು ನೋಡಿ! ಪರವಾನಗಿ ಇಲ್ಲವೆಂಬ ಉತ್ತರ ಬಂದಿತು. ಅದಾದ ಎರಡು ದಿನಕ್ಕೆ, ಫೆಬ್ರವರಿ 16ರಂದು, ನಾಸಿಕದಲ್ಲಿ ಅವರು ಕಣ್ಣು ಮುಚ್ಚಿದರು.

ಈ ಉತ್ತರಾರ್ಧವನ್ನೂ ಕೊನೆಗೆ ನಮ್ಮ ತಂದೆಯವರಿಗೆ ಹೇಳಿದೆ. ಅರ್ಧ ಕಥೆ ಹೇಳಿ ಧೈರ್ಯ ತುಂಬುವುದು ಮೋಸವೆನಿಸಿತು. ನಮ್ಮ ಊರಿನ ಫ್ಲೆಕ್ಸ್ ಅಂಗಡಿಯನ್ನು ನಡೆಸುವ ತರುಣ ಹಿಂದೆ ನಮ್ಮ ಮನೆಯಲ್ಲಿ ಬಣ್ಣ ಕಲಸಿಕೊಡುತ್ತಿದ್ದ ಹುಡುಗನೇ. ಅಕ್ಷರ ಜೋಡಿಸುವ ಕೆಲಸಕ್ಕೆ ಬನ್ನಿರೆಂದು ಆತ ಹಿಂದೆಯೇ ವಿನಯದಿಂದ ಕರೆದಿದ್ದನು, ತಂದೆಯವರು ಹೋಗಿರಲಿಲ್ಲ. ಕಂಪ್ಯೂಟರು ಬಾರದೆಂದು ನೆಪ ಹೇಳುತ್ತಿದ್ದರು. ನಿಜವಾದ ಕಾರಣ ಕಂಪ್ಯೂಟರಲ್ಲವೆಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿದ್ದಿತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಕಥೆ ಕೇಳಿ ಅವರು ಏನೂ ಹೇಳಲಿಲ್ಲ. ಮುಂದಿನ ಸೋಮವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆ ಅಂಗಡಿಗೆ ಹೋದರು. ಈಗ ಎರಡು ತಿಂಗಳಾಯಿತು. ಸಂಪಾದನೆ ಹಿಂದಿನಷ್ಟಿಲ್ಲ, ಮೌಸು ಹಿಡಿದ ಕೈ ಇನ್ನೂ ಕುಂಚ ಹಿಡಿದಂತೆಯೇ ಇದೆಯೆಂದು ಅವರೇ ನಗುತ್ತಾರೆ. ಆದರೆ ದೂರದಿಂದ ಓದಲು ಅಕ್ಷರಗಳ ನಡುವೆ ಎಷ್ಟು ಜಾಗ ಬಿಡಬೇಕು, ಒತ್ತಕ್ಷರ ಎಲ್ಲಿ ಕೂರಬೇಕು, ಹಳದಿಯ ಮೇಲೆ ಯಾವ ಬಣ್ಣ ನಿಲ್ಲುತ್ತದೆ ಎಂಬುದಕ್ಕೆ ಅಂಗಡಿಯ ಹುಡುಗರು ಈಗ ಅವರನ್ನೇ ಕೇಳುತ್ತಾರಂತೆ.

ನಮ್ಮ ಮನೆತನದಲ್ಲಿ ಪದವಿಯ ಹೊಸ್ತಿಲು ದಾಟುತ್ತಿರುವವನು ನಾನೇ ಮೊದಲಿಗ. ಪದವಿ ಪತ್ರ ಕೈಗೆ ಬಂದರೆ ಕಲಿಕೆ ಮುಗಿಯಿತೆಂದು ಮೊನ್ನೆಮೊನ್ನೆಯವರೆಗೂ ಭಾವಿಸಿದ್ದೆ. ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ನಮ್ಮ ಹಿರಿಯರು ಹೇಳುತ್ತಾರೆ. ಗಾಳಿ ದಿಕ್ಕು ಬದಲಿಸಿದಾಗ ಮೊರ ಹಿಡಿದವನೂ ತಿರುಗಿ ನಿಲ್ಲಬೇಕು. ಕಣದಲ್ಲಿರುವ ಇತರರಿಗೂ ಜಾಗ ಕೊಟ್ಟು ನಿಲ್ಲಬೇಕು. ಮೊದಲನೆಯದನ್ನು ಫಾಲ್ಕೆಯವರ ಗೆಲುವಿನಿಂದಲೂ ಎರಡನೆಯದನ್ನು ಅವರ ಸೋಲಿನಿಂದಲೂ ಕಲಿಯಬಹುದಾಗಿದೆ. ಆ ಮಹಾನುಭಾವರಿಗೆ ನನ್ನ ನಮಸ್ಕಾರ.